ನೀರಿನ ಋಣ

ಒಂದೂರನ್ನು ಬಿಟ್ಟು ಮತ್ತೊಂದೂರಿಗೆ ಹೊರಟವನು “ಇಲ್ಲಿಯ ನೀರಿನ ಋಣವು ತೀರಿತು” ಎಂದು ಹೇಳುವುದು ಕನ್ನಡಿಗರ ವಾಡಿಕೆ. ಆ ಮಾತಿನಲ್ಲಿ ಕಿಂಚಿತ್ ದುಃಖವೂ ಕಿಂಚಿತ್ ಸಮಾಧಾನವೂ ಬೆರೆತಿರುತ್ತವೆ. ಆದರೆ ಋಣವು ತೀರಿತೆಂದು ಹೇಳುವ ಅಧಿಕಾರವು ಸಾಲಗಾರನಿಗಿಲ್ಲ. ಅದು ಸಾಲ ಕೊಟ್ಟವನದು. ಹದಿನೇಳನೆಯ ಶತಮಾನದಲ್ಲಿ, ಹಾಯಿಹಡಗುಗಳ ಕಾಲದಲ್ಲಿ, ಯೂರೋಪಿನ ತಗ್ಗುನಾಡಿನ ನಾವಿಕನೊಬ್ಬನು ತನ್ನ 45ನೆಯ ವಯಸ್ಸಿನಲ್ಲಿ ಸಮುದ್ರದ ಋಣವು ತೀರಿತೆಂದು ಭಾವಿಸಿ, ಹುಟ್ಟೂರಿನಲ್ಲಿ ಒಂದು ಮನೆಯನ್ನು ಕೊಂಡು ನೆಮ್ಮದಿಯಾಗಿ ಕುಳಿತುಕೊಳ್ಳಲು ನಿಶ್ಚಯಿಸಿದನು. ಸಮುದ್ರವು ಅವನನ್ನು ಮತ್ತೆ 24 ವರುಷ ಬಿಡಲಿಲ್ಲ. ಅವನ ಹೆಸರು ಮಿಖೀಲ್ ಡಿ ರಾಯ್ಟರ್.

ಅವನ ದೇಶದ ಸ್ವರೂಪವನ್ನು ಮೊದಲು ಅರಿತಲ್ಲದೆ ಅವನ ಚರಿತ್ರೆಯು ಅರ್ಥವಾಗದು. ಹಾಲೆಂಡ್ ಎಂದು ಜನರು ಸಾಮಾನ್ಯವಾಗಿ ಕರೆಯುವ ಆ ರಾಜ್ಯದಲ್ಲಿ ಹಾಲೆಂಡ್ ಎಂಬುದು ಒಂದು ಪ್ರಾಂತದ ಹೆಸರು ಮಾತ್ರ. ಸ್ಪೇನಿನ ಅರಸನಿಗೆ ಇದಿರುಬಿದ್ದ ಏಳು ಪ್ರಾಂತಗಳು ಒಂದುಗೂಡಿ ಕಟ್ಟಿಕೊಂಡ ಗಣರಾಜ್ಯವದು. ಅಲ್ಲಿಯ ನೆಲದಲ್ಲಿ ದೊಡ್ಡದೊಂದು ಭಾಗವು ಕಡಲಿನ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಕಟ್ಟೆಗಳನ್ನು ಕಟ್ಟಿ, ಗಾಳಿಯ ಯಂತ್ರಗಳಿಂದ ನೀರನ್ನೆತ್ತಿ ಹೊರಗೆ ಚೆಲ್ಲಿ, ಆ ಜನರು ತಮ್ಮ ಹೊಲಗದ್ದೆಗಳನ್ನು ಸಮುದ್ರದ ಬಾಯಿಯಿಂದ ಕಸಿದುಕೊಂಡರು. ಅವರಿಗೆ ಶತ್ರುವೂ ಸಮುದ್ರವೇ, ಅನ್ನದಾತನೂ ಸಮುದ್ರವೇ. ಏಳು ಪ್ರಾಂತಗಳಲ್ಲಿ ಒಂದಕ್ಕೆ ಜೇಲಾಂಡ್ ಎಂದರೆ ‘ಕಡಲನಾಡು’ ಎಂದೇ ಹೆಸರು. ಆ ಪ್ರಾಂತದ ವ್ಲಿಸಿಂಗೆನ್ ಎಂಬ ರೇವುಪಟ್ಟಣದಲ್ಲಿ 1607ನೆಯ ಇಸವಿ ಮಾರ್ಚಿ 24ರಂದು ಡಿ ರಾಯ್ಟರನು ಹುಟ್ಟಿದನು.

ತಂದೆಯು ಬಿಯರಿನ ಪೀಪಾಯಿಗಳನ್ನು ಹೊತ್ತು ಜೀವಿಸುತ್ತಿದ್ದ ಬಡವ; ಮಕ್ಕಳು 11 ಮಂದಿ. ಅಂತಹ ಮನೆಯಲ್ಲಿ ವಿದ್ಯಾಭ್ಯಾಸವು ಬಹುಕಾಲ ನಡೆಯುವುದೆಂತು? ಹುಡುಗನನ್ನು ಲಾಂಪ್ಸಿನ್ಸ್ ಎಂಬ ವರ್ತಕರ ಹಗ್ಗದ ಕಾರ್ಖಾನೆಯಲ್ಲಿ ಹುರಿ ಹೊಸೆಯುವ ದೊಡ್ಡ ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಹಾಕಿದರು. ಹಾಯಿಹಡಗಿನಲ್ಲಿ ಹಗ್ಗವೆಂದರೆ ದೇಹದಲ್ಲಿ ನರವಿದ್ದಂತೆ; ಕೂವೆಮರವನ್ನು ನಿಲ್ಲಿಸುವುದೂ ಹಗ್ಗ, ಹಾಯಿಯನ್ನು ಏರಿಸಿ ಇಳಿಸುವುದೂ ಹಗ್ಗ, ಲಂಗರನ್ನು ಹಿಡಿದಿಡುವುದೂ ಹಗ್ಗ. ಮುಂದೆ ಯಾವುದರ ಮೇಲೆ ತನ್ನ ಪ್ರಾಣವು ನಿಲ್ಲಬೇಕಾಗಿತ್ತೋ ಅದನ್ನೇ ಅವನು ಬಾಲ್ಯದಲ್ಲಿ ಹೊಸೆದನು. ಆದರೆ ಒಂದೇ ಚಕ್ರವನ್ನು ದಿನವೆಲ್ಲ ತಿರುಗಿಸುವುದು ಆ ಚಪಲಚಿತ್ತನಿಗೆ ಒಗ್ಗಲಿಲ್ಲ. 1618ರಲ್ಲಿ, 11 ವರುಷದ ಬಾಲಕನಾಗಿ, ಹಡಗಿನ ಸಾರಂಗನ ಕೈಕೆಳಗೆ ಚಾಕರಿಯ ಹುಡುಗನಾಗಿ ಸಮುದ್ರಕ್ಕೆ ಹೊರಟನು.

ಅಲ್ಲಿಂದ ಮುಂದಿನ ಅವನ ಪಾಠಶಾಲೆಯು ನೀರೇ. ಪಠ್ಯವು ಗಾಳಿ, ಭರತ ಇಳಿತ, ನಕ್ಷತ್ರ, ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ ಆಳವನ್ನಳೆಯುವ ಕೈಚಳಕ, ಇವೇ. 1622ರಲ್ಲಿ ಬೆರ್ಗೆನ್ ಎಂಬ ಊರಿಗೆ ಸ್ಪೇನಿನವರು ಮುತ್ತಿಗೆ ಹಾಕಿದಾಗ ಅವನು ಬಂದೂಕು ಹಿಡಿದು ನೆಲದ ಮೇಲೆಯೂ ಕಾದಿದನು. ಉತ್ತರಧ್ರುವದ ಕಡೆಯ ಹಿಮಸಮುದ್ರಕ್ಕೆ ತಿಮಿಂಗಿಲದ ಬೇಟೆಗೆ ಹೋಗುವ ಹಡಗುಗಳಿಗೆ ದಾರಿ ತೋರುವವನಾದನು. 1637ರಲ್ಲಿ ಡಂಕರ್ಕಿನ ಕಡಲ್ಗಳ್ಳರನ್ನು ಅಟ್ಟುವ ಹಡಗಿಗೆ ನಾಯಕನಾದನು. 1641ರಲ್ಲಿ ಪೋರ್ತುಗಾಲಿನ ನೆರವಿಗೆಂದು ಹೋದ ನೌಕಾಸೈನ್ಯದಲ್ಲಿ ದಳನಾಯಕರಲ್ಲೊಬ್ಬನಾಗಿ ಸ್ಪೇನಿನವರೊಡನೆ ಕಾದಿ, ಆ ಬಳಿಕ ಮತ್ತೆ ವ್ಯಾಪಾರಕ್ಕೆ ಹಿಂದಿರುಗಿದನು. ‘ಸಾಲಮಾಂಡರ್’ ಎಂಬ ತನ್ನದೇ ಹಡಗಿನಲ್ಲಿ ಮೊರಾಕ್ಕೋ ದೇಶಕ್ಕೂ ವೆಸ್ಟ್ ಇಂಡೀಸ್ ದ್ವೀಪಗಳಿಗೂ ಸರಕು ಸಾಗಿಸಿ ಧನವಂತನಾದನು.

ಈ ಕಾಲದ ಒಂದು ಕಥೆಯನ್ನು ಡಚ್ಚರು ಮಕ್ಕಳಿಗೆ ಹೇಳುವುದುಂಟು. ಐರ್ಲೆಂಡಿನಿಂದ ಬೆಣ್ಣೆಯ ಪೀಪಾಯಿಗಳನ್ನು ಹೇರಿಕೊಂಡು ಬರುತ್ತಿರುವಾಗ ಕಡಲ್ಗಳ್ಳರು ಬೆನ್ನಟ್ಟಿದರಂತೆ. ಓಡಿ ತಪ್ಪಿಸಿಕೊಳ್ಳಲು ಗಾಳಿಯಿಲ್ಲ, ಕಾದಿ ಗೆಲ್ಲಲು ಜನರಿಲ್ಲ. ಆಗ ಡಿ ರಾಯ್ಟರನು ಪೀಪಾಯಿಗಳನ್ನೊಡೆಸಿ ಹಡಗಿನ ಹಲಗೆಗಳಿಗೆಲ್ಲ ಬೆಣ್ಣೆಯನ್ನು ಬಳಿಸಿದನಂತೆ. ಏರಿಬಂದ ಕಳ್ಳರು ಒಬ್ಬರ ಮೇಲೊಬ್ಬರು ಜಾರಿ ಬಿದ್ದು ಹಿಂದಿರುಗಿದರಂತೆ. ಕಥೆಯು ನಿಜವೋ ಕಟ್ಟಿದುದೋ, ಜನರು ಅವನಲ್ಲಿ ಏನನ್ನು ಮೆಚ್ಚಿದರೆಂಬುದನ್ನು ಅದು ತಿಳಿಸುತ್ತದೆ. ಅವರು ಮೆಚ್ಚಿದುದು ಭುಜಬಲವನ್ನಲ್ಲ, ಕೈಯಲ್ಲಿದ್ದುದನ್ನೇ ಆಯುಧವಾಗಿ ಮಾಡಿಕೊಳ್ಳುವ ಯುಕ್ತಿಯನ್ನು.

ಮನೆಯ ಕಡೆಯಲ್ಲಿ ವಿಧಿಯು ಅಷ್ಟು ಕರುಣೆ ತೋರಲಿಲ್ಲ. 1631ರಲ್ಲಿ ಮದುವೆಯಾದ ಹೆಂಡತಿಯು ಅದೇ ವರುಷ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಎರಡನೆಯವಳು ಮಕ್ಕಳನ್ನು ಹೆತ್ತು 1650ರಲ್ಲಿ ಕಣ್ಮುಚ್ಚಿದಳು. 1652ರ ಆರಂಭದಲ್ಲಿ ಅವನು ನಾವಿಕನೊಬ್ಬನ ವಿಧವೆಯಾದ ಅನ್ನಾ ಫಾನ್ ಗೆಲ್ಡರ್ ಎಂಬವಳನ್ನು ವರಿಸಿದನು. ತಾಯಿಲ್ಲದ ಮಕ್ಕಳಿಗೆ ತಾಯಿ ದೊರೆತಳು, ಸಂಪಾದನೆಯು ಸಾಕಷ್ಟಿತ್ತು, ಮನೆಯೂ ಸಿದ್ಧವಾಯಿತು. 34 ವರುಷ ಅಲೆದಾಡಿದ ಗೃಹಸ್ಥನು ಇನ್ನು ಮನೆಯಲ್ಲಿರುವೆನೆಂದರೆ ಯಾರು ತಾನೇ ಆಕ್ಷೇಪಿಸಿಯಾರು?

ಆಕ್ಷೇಪಿಸಿದುದು ಕಾಲ. ಅದೇ ವರುಷ ಇಂಗ್ಲೆಂಡಿಗೂ ಡಚ್ಚರಿಗೂ ಯುದ್ಧವು ಹತ್ತಿಕೊಂಡಿತು. ಜೇಲಾಂಡಿನ ಅಧಿಕಾರಿಗಳು ಡಿ ರಾಯ್ಟರನ ಬಾಗಿಲಿಗೆ ಬಂದರು. ಅವನು ಮೊದಲು ಒಪ್ಪಲಿಲ್ಲ. ಬಹಳವಾಗಿ ಬೇಡಿದ ಮೇಲೆ ಒಂದೇ ಒಂದು ಯಾತ್ರೆಗೆ ಎಂದು ಒಪ್ಪಿದನು. ಆಗಸ್ಟು 26ರಂದು ಪ್ಲಿಮತ್ತಿನ ಬಳಿ ಜಾರ್ಜ್ ಆಸ್ಕ್ಯೂ ಎಂಬ ಇಂಗ್ಲಿಷ್ ನಾಯಕನು ತಡೆದಾಗ, ತನ್ನ ರಕ್ಷಣೆಯಲ್ಲಿದ್ದ ವರ್ತಕರ ಹಡಗುಗಳನ್ನು ಸುರಕ್ಷಿತವಾಗಿ ಮುಂದಕ್ಕೆ ಸಾಗಿಸಿ ಶತ್ರುವನ್ನು ಹಿಮ್ಮೆಟ್ಟಿಸಿದನು. ಆ ಒಂದು ಯಾತ್ರೆಯೇ ಅವನಿಗೆ ಬಂಧನವಾಯಿತು. ಬಲ್ಲವನೆಂದು ಒಮ್ಮೆ ಗೊತ್ತಾದವನನ್ನು ಲೋಕವು ಸುಮ್ಮನೆ ಬಿಡುವುದಿಲ್ಲವಷ್ಟೆ! 1653ರಲ್ಲಿ ಮಹಾನೌಕಾಪತಿಯಾದ ಮಾರ್ಟೆನ್ ಟ್ರೊಂಪನು ಯುದ್ಧದಲ್ಲಿ ಗುಂಡು ತಗುಲಿ ಮಡಿದನು. ರಾಜ್ಯದ ಸೂತ್ರವನ್ನು ಹಿಡಿದಿದ್ದ ಯೊಹಾನ್ ಡಿ ವಿಟ್ಟನು ಆ ಪದವಿಯನ್ನು ಡಿ ರಾಯ್ಟರನಿಗೆ ಕೊಡಬಯಸಿದನು. ಅವನು ಅದನ್ನು ನಿರಾಕರಿಸಿದನು. ಮರುವರುಷ ಅದಕ್ಕಿಂತ ಕೆಳಗಿನ ಪದವಿಯೊಂದನ್ನು ಮಾತ್ರ ಸ್ವೀಕರಿಸಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸಂಸಾರವನ್ನು ಹೂಡಿದನು.

ಇಲ್ಲಿ ವಾಚಕರು ಸ್ವಲ್ಪ ನಿಂತು ನೋಡಬೇಕಾದ ಒಂದು ಪ್ರಸಂಗವಿದೆ. 1664ರಲ್ಲಿ ಇಂಗ್ಲಿಷರು ಆಫ್ರಿಕಾ ಖಂಡದ ಪಶ್ಚಿಮ ತೀರದಲ್ಲಿದ್ದ ಡಚ್ ಕೋಟೆಗಳನ್ನು ಕಿತ್ತುಕೊಂಡರು. ಮೆಡಿಟರೇನಿಯನ್ ಸಮುದ್ರದಲ್ಲಿದ್ದ ಡಿ ರಾಯ್ಟರನಿಗೆ ಗುಪ್ತವಾದ ಆಜ್ಞೆಯೊಂದು ಬಂದಿತು: ಯಾರಿಗೂ ತಿಳಿಯದಂತೆ ಹೋಗಿ ಅವುಗಳನ್ನು ಹಿಂದಕ್ಕೆ ಪಡೆಯತಕ್ಕದ್ದು. ಅವನು ಹೋದನು, ಗೊರೇ ದ್ವೀಪವನ್ನು ಮರಳಿ ಪಡೆದನು, ಮರುವರುಷ ಕೊರ್ಮಂಟೈನ್ ಕೋಟೆಯನ್ನೂ ಗೆದ್ದನು. ರಾಜ್ಯಕ್ಕೆ ಅದು ಜಯ. ಆದರೆ ಆ ಕೋಟೆಗಳಲ್ಲಿ ಚಿನ್ನ ದಂತಗಳ ಜತೆಯಲ್ಲಿ ಮನುಷ್ಯರ ವ್ಯಾಪಾರವೂ ನಡೆಯುತ್ತಿತ್ತು. ಆಫ್ರಿಕಾದ ಗಂಡಸರನ್ನೂ ಹೆಂಗಸರನ್ನೂ ಸಂಕೋಲೆಯಿಟ್ಟು ಅಮೇರಿಕಾ ಖಂಡದ ತೋಟಗಳಿಗೆ ಸಾಗಿಸುತ್ತಿದ್ದರು. ಅವನ ಚರಿತ್ರೆಯನ್ನು ಬರೆದು 1687ರಲ್ಲಿ ಪ್ರಕಟಿಸಿದ ಗೆರಾರ್ಡ್ ಬ್ರಾಂಟನು ಒಂದು ಸಂಗತಿಯನ್ನು ಹೇಳುತ್ತಾನೆ. ಗೊರೇ ದ್ವೀಪದಲ್ಲಿ ಆಫ್ರಿಕಾದವನೇ ಆದ ಒಬ್ಬ ವೃದ್ಧನು ಡಿ ರಾಯ್ಟರನನ್ನು ಕಂಡನು. ಅವನು ಚಿಕ್ಕಂದಿನಲ್ಲಿ ವ್ಲಿಸಿಂಗೆನ್ನಿನಲ್ಲಿದ್ದವನು. ಇಬ್ಬರಿಗೂ ಬಾಲ್ಯದ ಪರಿಚಯ. ನೌಕಾಪತಿಯು ಅವನನ್ನು ತನ್ನ ಹಡಗಿಗೆ ಕರೆದು ಆದರಿಸಿದನು. ಇಬ್ಬರೂ ಹಳೆಯ ದಿನಗಳನ್ನು ನೆನೆದು ಮಾತನಾಡಿದರು. ಬಾಲ್ಯಸಖನನ್ನು ಗುರುತಿಸಿದ ಆ ಕಣ್ಣು, ಆ ಸಖನ ಜನರಿಗಾಗುತ್ತಿದ್ದ ದುರ್ಗತಿಯ ಕಡೆಗೆ ತಿರುಗಲಿಲ್ಲ. ದ್ಯೂತಸಭೆಯಲ್ಲಿ ಭೀಷ್ಮನು ಧರ್ಮವು ಸೂಕ್ಷ್ಮವೆಂದು ಹೇಳಿ ಸುಮ್ಮನಾದುದನ್ನು ಓದಿದವರು ಈ ಮೌನವನ್ನೂ ಗುರುತಿಸಬಲ್ಲರು. ಅನ್ನದ ಋಣಕ್ಕೆ ಕಟ್ಟುಬಿದ್ದ ಸಜ್ಜನನು ತಪ್ಪು ಮಾಡುವುದು ಬಹುಮಟ್ಟಿಗೆ ಹೀಗೆಯೇ.

1665ರ ಆಗಸ್ಟಿನಲ್ಲಿ ಅವನು ಹಿಂದಿರುಗುವಷ್ಟರಲ್ಲಿ ಇಂಗ್ಲೆಂಡಿನೊಡನೆ ಎರಡನೆಯ ಯುದ್ಧವು ನಡೆಯುತ್ತಿತ್ತು. ಜೂನ್ ತಿಂಗಳಲ್ಲಿ ಲೊವೆಸ್ಟಾಫ್ಟಿನ ಕಾಳಗದಲ್ಲಿ ಡಚ್ ಮಹಾನೌಕಾಪತಿಯು ಹಡಗಿನೊಡನೆಯೇ ಸಿಡಿದು ಹೋಗಿದ್ದನು. ಈ ಸಲ ನಿರಾಕರಿಸಲು ಎಡೆಯಿರಲಿಲ್ಲ; ಡಿ ರಾಯ್ಟರನು ಸಮಸ್ತ ನೌಕಾಸೈನ್ಯಕ್ಕೆ ಅಧಿಪತಿಯಾದನು. ಅವನ ಹಡಗಿಗೆ ‘ಏಳು ಪ್ರಾಂತಗಳು’ ಎಂದೇ ಹೆಸರು. ಅದರಲ್ಲಿ ಸುಮಾರು 80 ತೋಪುಗಳಿದ್ದುವು.

ಆ ಕಾಲದ ನೌಕಾಯುದ್ಧದ ಕ್ರಮವನ್ನು ಎರಡು ಮಾತಿನಲ್ಲಿ ಹೇಳಬೇಕು. ಹಾಯಿಹಡಗಿನ ತೋಪುಗಳು ಬಹುಮಟ್ಟಿಗೆ ಪಕ್ಕಗಳಲ್ಲಿರುತ್ತವೆ. ಆದುದರಿಂದ ಹಡಗುಗಳು ಇರುವೆಗಳ ಸಾಲಿನಂತೆ ಒಂದರ ಹಿಂದೊಂದು ನಡೆದು ಶತ್ರುವಿಗೆ ಪಕ್ಕವನ್ನೊಡ್ಡಬೇಕು. ಗಾಳಿ ಬೀಸುವ ಕಡೆಯಲ್ಲಿದ್ದವನಿಗೆ ಏರಿಹೋಗುವುದೂ ದೂರ ನಿಲ್ಲುವುದೂ ತನ್ನಿಚ್ಛೆ. ಕೆಳಗಾಳಿಯಲ್ಲಿದ್ದವನಿಗೆ ಕಾದುನಿಲ್ಲುವುದೇ ಗತಿ. ಹೊಗೆಯಲ್ಲಿ ಮುಳುಗಿದ ಹತ್ತಾರು ಹಡಗುಗಳನ್ನು ಬಾವುಟದ ಸಂಕೇತಗಳಿಂದಲೇ ನಡೆಸಬೇಕು. ಸಾಲು ಮುರಿದರೆ ಸರ್ವನಾಶ. ತಮತಮಗೆ ತೋಚಿದಂತೆ ನುಗ್ಗುವ ಶೂರರಾದ ನಾಯಕರನ್ನು ಒಂದು ಸಾಲಿಗೆ ತರುವುದೇ ಡಿ ರಾಯ್ಟರನ ದೊಡ್ಡ ಸಾಧನೆಯಾಯಿತು.

1666ರ ಜೂನ್ 11ರಿಂದ 14ರ ವರೆಗೆ ಎಡೆಬಿಡದೆ ನಾಲ್ಕು ದಿನ ಯುದ್ಧವಾಯಿತು. ಆಂಗ್ಲರ ದೊಡ್ಡ ಹಡಗಾದ ‘ರಾಯಲ್ ಪ್ರಿನ್ಸ್’ ಮರಳದಿಣ್ಣೆಗೆ ಸಿಕ್ಕಿಬಿತ್ತು. ಅದರಲ್ಲಿ ಸೆರೆಸಿಕ್ಕವನು 14 ವರುಷದ ಹಿಂದೆ ಪ್ಲಿಮತ್ತಿನ ಬಳಿ ಇದಿರಾಗಿದ್ದ ಅದೇ ಆಸ್ಕ್ಯೂ! ಎರಡು ಕಡೆಯಲ್ಲಿಯೂ ಸಾವಿರಾರು ಜನರು ಮಡಿದರು. ಡಚ್ ಸೈನ್ಯದೊಡನೆ ಬಂದಿದ್ದ ಫ್ರೆಂಚ್ ಕುಲೀನನಾದ ಗೀಷ್ ಎಂಬುವನು ಯುದ್ಧವು ಮುಗಿದ ಮಾರನೆಯ ದಿನ ಡಿ ರಾಯ್ಟರನ ಕೋಣೆಗೆ ಹೋದನು. ಜಯಶಾಲಿಯಾದ ಮಹಾನೌಕಾಪತಿಯು ಕೈಯಲ್ಲಿ ಪೊರಕೆ ಹಿಡಿದು ತನ್ನ ಕೋಣೆಯನ್ನು ತಾನೇ ಗುಡಿಸುತ್ತಿದ್ದನು. ಆಮೇಲೆ ತನ್ನ ಕೋಳಿಗಳಿಗೆ ಕಾಳು ಹಾಕಿದನು. ದೊರೆ ಹದಿನಾಲ್ಕನೆಯ ಲೂಯಿಯ ಆಸ್ಥಾನದಿಂದ ಬಂದವನಿಗೆ ಇದು ಪರಮಾಶ್ಚರ್ಯವಾಯಿತು. ಪೊರಕೆಯನ್ನು ಹಿಡಿದವನಿಗಾದರೋ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಕೋಣೆಯಲ್ಲಿ ಕಸವಿತ್ತು, ಕೋಳಿಗಳಿಗೆ ಹಸಿವಿತ್ತು.

ಎರಡು ತಿಂಗಳೊಳಗೆ ಸೋಲೂ ಬಂದಿತು. ಆಗಸ್ಟು 4ರ ಕಾಳಗದಲ್ಲಿ, ಮಡಿದ ಟ್ರೊಂಪನ ಮಗನಾದ ಕೊರ್ನೇಲಿಸ್ ಟ್ರೊಂಪನು ಸಾಲನ್ನು ಬಿಟ್ಟು ತನ್ನಿಚ್ಛೆಯಂತೆ ಕಾದಲು ಹೋದನು. ಮುರಿದ ಸೈನ್ಯವನ್ನು ಡಿ ರಾಯ್ಟರನು ದಿಣ್ಣೆಗಳ ಮಧ್ಯದಿಂದ ಹಿಂದಕ್ಕೆ ನಡೆಸಿ ಉಳಿಸಿದನು. ಇಷ್ಟು ಸಾವಿರ ಗುಂಡುಗಳಲ್ಲಿ ತನ್ನನ್ನು ಕೊಂಡೊಯ್ಯುವುದು ಒಂದೂ ಇಲ್ಲವೇ ಎಂದು ಆ ದಿನ ಅವನು ಮರುಗಿದನೆಂದು ಹೇಳುತ್ತಾರೆ. ಮರುವರುಷ ಜೂನ್ ತಿಂಗಳಲ್ಲಿ ಡಚ್ ಹಡಗುಗಳು ಲಂಡನ್ನಿಗೆ ಅನತಿದೂರದ ಮೆಡ್ವೇ ನದಿಯನ್ನು ಹೊಕ್ಕು, ಅಡ್ಡಲಾಗಿ ಕಟ್ಟಿದ್ದ ಕಬ್ಬಿಣದ ಸರಪಣಿಯನ್ನು ಹರಿದು, ನಿಂತಿದ್ದ ಹಡಗುಗಳನ್ನು ಸುಟ್ಟು, ‘ರಾಯಲ್ ಚಾರ್ಲ್ಸ್’ ಎಂಬ ಪ್ರಧಾನನೌಕೆಯನ್ನೇ ಎಳೆದು ತಂದುವು. ಇಂಗ್ಲೆಂಡಿನ ಅರಸನು 1660ರಲ್ಲಿ ದೇಶಭ್ರಷ್ಟತೆಯಿಂದ ಹಿಂದಿರುಗಿದುದು ಆ ಹಡಗಿನಲ್ಲಿಯೇ. ಅದರ ಹಿಂಭಾಗದ ಕೆತ್ತನೆಯ ಫಲಕವನ್ನು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮಿನಲ್ಲಿ ಇಂದಿಗೂ ಕಾಣಬಹುದು. ಜುಲೈ ತಿಂಗಳಲ್ಲಿಯೇ ಸಂಧಿಯಾಯಿತು.

ಲೋಕದ ಕೃತಜ್ಞತೆಯು ಎಷ್ಟು ದಿನದ್ದು? 1672ರಲ್ಲಿ ಫ್ರಾನ್ಸೂ ಇಂಗ್ಲೆಂಡೂ ಒಟ್ಟಾಗಿ ಆ ಸಣ್ಣ ರಾಜ್ಯದ ಮೇಲೆ ಬಿದ್ದುವು. ಫ್ರೆಂಚರು ನೆಲದ ಮೇಲೆ ನುಗ್ಗಿಬಂದಾಗ ಡಚ್ಚರು ತಮ್ಮ ಕಟ್ಟೆಗಳನ್ನು ತಾವೇ ಒಡೆದು ಹೊಲಗಳಿಗೆ ನೀರು ಬಿಟ್ಟು ದೇಶವನ್ನುಳಿಸಿಕೊಂಡರು. ಭಯದಿಂದ ಬುದ್ಧಿಗೆಟ್ಟ ಜನರ ಗುಂಪು ಆಗಸ್ಟು 20ರಂದು ಹೇಗ್ ನಗರದಲ್ಲಿ ಯೊಹಾನ್ ಡಿ ವಿಟ್ಟನನ್ನೂ ಅವನ ಅಣ್ಣನನ್ನೂ ಬೀದಿಯಲ್ಲಿ ಕೊಂದು ಹಾಕಿತು. ಡಿ ರಾಯ್ಟರನು ಆ ಸೋದರರ ಮಿತ್ರ. ಅವನು ನೌಕಾಸೈನ್ಯವನ್ನು ಫ್ರೆಂಚರಿಗೆ ಮಾರಿಬಿಟ್ಟನೆಂಬ ಸುಳ್ಳು ಸುದ್ದಿಯು ಹಬ್ಬಿ, ಸೆಪ್ಟೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಅವನ ಮನೆಯ ಮುಂದೆಯೂ ಗುಂಪು ಸೇರಿತು. ಒಳಗಿದ್ದವಳು ಅನ್ನಾ; ಯಜಮಾನನು ಆ ಜನರನ್ನೇ ಕಾಯುತ್ತ ಸಮುದ್ರದಲ್ಲಿದ್ದನು. ನಗರದ ಕಾವಲು ದಳವು ಬಂದು ಗುಂಪನ್ನು ಚದರಿಸದಿದ್ದರೆ ಅನಾಹುತವಾಗುತ್ತಿತ್ತು.

ಇಷ್ಟಾದ ಮೇಲೆಯೂ ಅವನು ಕೆಲಸ ಬಿಡಲಿಲ್ಲ. ಸೋಲ್‌ಬೇ ಕಾಳಗವು ಆ ಜೂನಿನಲ್ಲಿಯೇ ಆಗಿತ್ತು. 1673ರಲ್ಲಿ ಮತ್ತೆ ಮೂರು ಯುದ್ಧಗಳು. ಶತ್ರುಗಳ ಸಂಖ್ಯೆ ಹೆಚ್ಚು. ಅವರು ಸೈನ್ಯವನ್ನು ತೀರದಲ್ಲಿ ಇಳಿಸಲು ಹವಣಿಸುತ್ತಿದ್ದರು. ಅವನು ತನ್ನ ನಾಡಿನ ಮರಳದಿಣ್ಣೆಗಳನ್ನೇ ಕೋಟೆಯಾಗಿ ಮಾಡಿಕೊಂಡು, ಪರಕೀಯರಿಗೆ ತಿಳಿಯದ ಸ್ಕೂನೆವೆಲ್ಡಿನ ಕಾಲುವೆಗಳಲ್ಲಿ ಅಡಗಿ ನಿಂತು, ಸಮಯ ನೋಡಿ ಹೊಡೆದು ಮತ್ತೆ ಒಳಸೇರುತ್ತಿದ್ದನು. ಆಗಸ್ಟು 21ರ ಟೆಕ್ಸೆಲ್ ಯುದ್ಧದ ನಂತರ ಇಳಿಯುವ ಆಲೋಚನೆಯನ್ನು ಶತ್ರುಗಳು ಬಿಟ್ಟರು. ಆ ಯುದ್ಧಗಳಲ್ಲಿ ಕೊರ್ನೇಲಿಸ್ ಟ್ರೊಂಪನೂ ಹಳೆಯ ಹಗೆಯನ್ನು ಮರೆತು ಅವನ ಕೈಕೆಳಗೆ ಕಾದಿದನು.

ಕೊನೆಯ ಕರೆಯು 1675ರಲ್ಲಿ ಬಂದಿತು. ಅಷ್ಟರಲ್ಲಿ ಸ್ಪೇನು ಹಗೆತನವನ್ನು ಬಿಟ್ಟು ಡಚ್ಚರ ಮಿತ್ರನಾಗಿತ್ತು. ಸಿಸಿಲಿ ದ್ವೀಪದಲ್ಲಿ ಅದಕ್ಕೆ ನೆರವಾಗಿ ಫ್ರೆಂಚರನ್ನು ಇದಿರಿಸಲು ಕೇವಲ 18 ಯುದ್ಧನೌಕೆಗಳೊಡನೆ ಹೋಗಬೇಕೆಂದು ಆಜ್ಞೆಯಾಯಿತು. ಆಗ ಅವನಿಗೆ 68 ವರುಷ. ಮೂತ್ರಾಶ್ಮರಿಯ ಬಾಧೆ ಬೇರೆ. ಈ ಬಲವು ಸಾಲದೆಂದು ಅವನು ಸ್ಪಷ್ಟವಾಗಿ ತಿಳಿಸಿದನು. ವಯಸ್ಸಾಗಿ ಧೈರ್ಯವು ಕುಂದಿತೇ ಎಂದು ಅಧಿಕಾರಿಯೊಬ್ಬನು ಚುಚ್ಚಿದನೆಂದೂ, ಭಯವು ತನಗಾಗಿ ಅಲ್ಲ, ರಾಜ್ಯದ ಧ್ವಜಕ್ಕಾಗಿ ಎಂದು ಅವನು ಉತ್ತರಿಸಿದನೆಂದೂ ಬ್ರಾಂಟನು ಬರೆಯುತ್ತಾನೆ. ಬೇಡಿಕೊಳ್ಳುವ ಅಗತ್ಯವಿಲ್ಲ, ಆಜ್ಞಾಪಿಸಿದರೆ ಸಾಕು, ಒಂದೇ ಹಡಗಿನಲ್ಲಾದರೂ ಆ ಧ್ವಜದೊಡನೆ ಹೋಗುವೆನು ಎಂಬುದು ಆ ಉತ್ತರದ ಸಾರ. ಅವನು ಹೋದನು. ಮೂಢನಾಗಿ ಹೋದವನಲ್ಲ, ಪರಿಣಾಮವನ್ನು ತಿಳಿದು, ತಿಳಿದುದನ್ನು ಬಾಯಿಬಿಟ್ಟು ಹೇಳಿ, ಆ ಮೇಲೆ ಹೋದನು.

ಆ ಯಾತ್ರೆಯಲ್ಲಿಯೇ, 1676ರ ಫೆಬ್ರವರಿಯಲ್ಲಿ, ಅವನು ನೇಪಲ್ಸಿನಲ್ಲಿ ಒಂದು ಕಾರ್ಯವನ್ನು ಮಾಡಿದನು. ಹಂಗೇರಿ ದೇಶದ ಪ್ರಾಟೆಸ್ಟಂಟ್ ಬೋಧಕರು ಕೆಲವರು ತಮ್ಮ ಮತವನ್ನು ಬಿಡದ ಅಪರಾಧಕ್ಕಾಗಿ ಅಲ್ಲಿಯ ಹುಟ್ಟುಹಡಗುಗಳಿಗೆ ಮಾರಲ್ಪಟ್ಟಿದ್ದರು. ಸಂಕೋಲೆಯಲ್ಲಿ ಹುಟ್ಟು ಹಾಕುತ್ತ ಹಾಕುತ್ತ ಅವರಲ್ಲಿ ಹಲವರು ಸತ್ತಿದ್ದರು. ಡಿ ರಾಯ್ಟರನು ಸ್ಪೇನಿನ ರಾಜಪ್ರತಿನಿಧಿಯನ್ನು ಒತ್ತಾಯಿಸಿ, ಉಳಿದಿದ್ದ 26 ಮಂದಿಯನ್ನು ಬಿಡಿಸಿ ತನ್ನ ಹಡಗಿಗೆ ಕರೆತಂದನು. ತನ್ನ ಯಾವ ಜಯವೂ ಕೊಡದ ಸಂತೋಷವನ್ನು ಇದು ಕೊಟ್ಟಿತೆಂದು ಅವನು ಹೇಳಿದನಂತೆ. ಹಂಗೇರಿಯ ಡೆಬ್ರೆತ್ಸೆನ್ ನಗರದಲ್ಲಿ ಆ ಬಂದಿಗಳ ನೆನಪಿಗಾಗಿ 1895ರಲ್ಲಿ ನಿಲ್ಲಿಸಿದ ಸ್ತಂಭವಿದೆ. ಗೊರೇ ದ್ವೀಪದಲ್ಲಿ ಕಾಣದ ಸಂಕೋಲೆಯು ಇಲ್ಲಿ ಕಂಡಿತು. ಕಟ್ಟಿಸಿಕೊಂಡವರು ಸ್ವಮತದವರಾದುದರಿಂದ ಕಂಡಿತೆಂದು ಹೇಳುವವರಿಗೆ ಉತ್ತರವಿಲ್ಲ. ಅಷ್ಟರಿಂದ ಬಿಡುಗಡೆಯಾದ 26 ಮಂದಿಯ ಕಣ್ಣೀರು ಸುಳ್ಳಾಗುವುದಿಲ್ಲ. ಆ ಕಣ್ಣೀರಿನಿಂದ ಆಫ್ರಿಕಾದ ಲೆಕ್ಕವು ತೀರುವುದೂ ಇಲ್ಲ. ಮನುಷ್ಯನ ಖಾತೆಯಲ್ಲಿ ಎರಡು ಬರಹಗಳೂ ಅಳಿಸದೆ ಉಳಿಯುತ್ತವೆ.

ಏಪ್ರಿಲ್ 22ರಂದು ಸಿಸಿಲಿಯ ಆಗಸ್ತಾ ಎಂಬ ರೇವಿನ ಮುಂದೆ ಫ್ರೆಂಚರ ದ್ಯುಕೆನ್ ಎಂಬ ನಿಪುಣ ನಾಯಕನೊಡನೆ ಯುದ್ಧವಾಯಿತು. ತೋಪಿನ ಗುಂಡೊಂದು ಡಿ ರಾಯ್ಟರನ ಕಾಲಿಗೆ ಬಡಿಯಿತು. ಹತ್ತು ವರುಷದ ಹಿಂದೆ ಬೇಡಿದ ಗುಂಡು ಈಗ ಬಂದಿತು. ಜ್ವರವೇರಿ ಏಪ್ರಿಲ್ 29ರಂದು ಸಿರಾಕ್ಯೂಸ್ ಕೊಲ್ಲಿಯಲ್ಲಿ, ಹಡಗಿನಲ್ಲಿಯೇ, ಅವನು ದೇಹವನ್ನು ಬಿಟ್ಟನು. ಶವವನ್ನು ಹೊತ್ತ ಹಡಗು ತಾಯ್ನಾಡಿಗೆ ಹೋಗುವಾಗ ಶತ್ರುವಾದ ಫ್ರಾನ್ಸಿನ ಕರಾವಳಿಯ ಕೋಟೆಗಳು ಲೂಯಿ ದೊರೆಯ ಅಪ್ಪಣೆಯಂತೆ ತೋಪು ಹಾರಿಸಿ ಗೌರವವನ್ನು ಸಲ್ಲಿಸಿದುವೆಂದು ಹೇಳುತ್ತಾರೆ.

1677ರ ಮಾರ್ಚಿ 18ರಂದು ಆಮ್‌ಸ್ಟರ್‌ಡ್ಯಾಮಿನ ಹೊಸ ಇಗರ್ಜಿಯಲ್ಲಿ ಅವನನ್ನು ಸಮಾಧಿ ಮಾಡಿದರು. ಹಿಂದೆ ಪ್ರಧಾನಪೀಠವಿದ್ದ ಸ್ಥಳದಲ್ಲಿ ಅಮೃತಶಿಲೆಯ ಮೂರ್ತಿಯಾಗಿ ಅವನು ಮಲಗಿದ್ದಾನೆ. ಐದು ವರುಷದ ಹಿಂದೆ ಅವನ ಮನೆಯನ್ನು ಮುತ್ತಿದ ಊರೂ ಅದೇ, ಈಗ ಅವನ ಹಿಂದೆ ತಲೆಬಾಗಿ ನಡೆದ ಊರೂ ಅದೇ. ಅನ್ನಾ ಮತ್ತೊಮ್ಮೆ ನಾವಿಕನ ವಿಧವೆಯಾಗಿ ಇನ್ನೂ ಹತ್ತು ವರುಷ ಬದುಕಿದಳು.

ಆ ನಗರದ ಹಳೆಯ ಕಟ್ಟಡಗಳು ಜೌಗುನೆಲದಲ್ಲಿ ನೆಟ್ಟ ಮರದ ಕಂಬಗಳ ಮೇಲೆ ನಿಂತಿವೆ; ಸ್ವಲ್ಪ ಅಗೆದರೆ ನೀರೇ. ಮನೆಯನ್ನು ಕೊಂಡು ಕುಳಿತ ದಿನ ಋಣವು ತೀರಿತೆಂದು ಭಾವಿಸಿದವನು ಕೊನೆಗೂ ನೀರಿನ ಮೇಲೆಯೇ ಮಲಗಿದನು. ಅವನು ಗೆದ್ದ ಯುದ್ಧಗಳ ಹೆಸರುಗಳನ್ನು ಪರೀಕ್ಷೆಗೆ ಓದುವ ಹುಡುಗರು ಮರೆತಾರು. ಯುದ್ಧದ ಮಾರನೆಯ ಬೆಳಗ್ಗೆ ಪೊರಕೆ ಹಿಡಿದು ನಿಂತವನನ್ನು ಒಮ್ಮೆ ಕಣ್ಣಮುಂದೆ ತಂದುಕೊಂಡವರು ಮರೆಯಲಾರರು.